ಹುಬ್ಬಿನವರೆಗೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕೆಂದಿದ್ದೇನೆ. ಮನಸ್ಸಿನಲ್ಲಿ ಅದು ಆ ಕ್ರಮದಲ್ಲಿ ಬರುವುದಿಲ್ಲ. ಮೊದಲು ಬರುವುದು ನನ್ನ ಎಡಗೈಯ ಎರಡು ಬೆರಳು, ಕೀಬೋರ್ಡಿನ ಎರಡು ಕೀಲಿಗಳ ಮೇಲೆ. ಆಮೇಲೆ ಉಳಿದದ್ದು.

ಕುಂದಾಪುರದ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಬಹಳ ವರ್ಷಗಳಿಂದ ಕೆಲಸಕ್ಕಿದ್ದೇನೆ. ನಮ್ಮಲ್ಲಿ ಮುದ್ರಣ ಯಂತ್ರವಿಲ್ಲ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಅಂಗಡಿಗಳ ಬಿಲ್ ಪುಸ್ತಕ, ಸತ್ತವರ ಉತ್ತರಕ್ರಿಯೆಯ ಕಾಗದ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸಿದ್ಧ ಮಾಡಿ ಬ್ರಹ್ಮಾವರದ ಒಂದು ಪ್ರೆಸ್ಸಿಗೆ ಮೇಲ್ ಮಾಡುತ್ತೇವೆ. ಅಲ್ಲಿ ಅಚ್ಚಾದ ಕಟ್ಟು ಬಸ್ಸಿನಲ್ಲಿ ಬರುತ್ತದೆ. ಸಿದ್ಧ ಮಾಡುವುದೆಂದರೆ ಬರೀ ಅಕ್ಷರ ಜೋಡಿಸುವುದಲ್ಲ. ಕಾಗದ ಕತ್ತರಿಸುವಾಗ ಬಿಳಿ ಅಂಚು ಕಾಣದಂತೆ ಬಣ್ಣವನ್ನು ಸುತ್ತಲೂ ಮೂರು ಮಿಲಿಮೀಟರ್ ಹೊರಗೆ ಚಾಚಬೇಕು. ಅಕ್ಷರಗಳನ್ನು ಅಂಚಿನಿಂದ ಒಳಗೆ ಇಡಬೇಕು. ನಮ್ಮ ಕನ್ನಡ ಅಕ್ಷರಗಳು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಒಡೆದುಹೋಗುತ್ತವೆ, ಅದಕ್ಕೆ ಕಳಿಸುವ ಮೊದಲು ಅವನ್ನೆಲ್ಲ ಗೆರೆಗಳಾಗಿ ಬದಲಾಯಿಸಬೇಕು. ಹಾಗೆ ಬದಲಾಯಿಸಿದ ಮೇಲೆ ಒಂದು ಕೊಂಬು ತಪ್ಪಿದ್ದರೂ ತಿದ್ದಲು ಬರುವುದಿಲ್ಲ. ಹಾಗಾಗಿ ನಾನು ನಿಧಾನ.

ಯಜಮಾನರು ಗಿರಾಕಿಗಳ ಎದುರೇ ಹೇಳುತ್ತಿದ್ದರು. "ಇವ್ರತ್ರ ಮದಿ ಕಾಗ್ದ ಕೊಟ್ರೆ, ಮುಗ್ಸುವತಿಗೆ ಆ ಗಂಡ ಹೆಂಡ್ತಿಗೆ ಮಗು ಆಯಿ, ನಾಮಕರಣದ್ ಕಾಗ್ದಕ್ಕೂ ಇಲ್ಲಿಗೇ ಬತ್ರ್."

ನಾನು ನಗುತ್ತಿದ್ದೆ. ಆ ಮಾತಿನಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ನನ್ನ ಕೈಯಿಂದ ಹೋದ ಫೈಲು ಬ್ರಹ್ಮಾವರದಿಂದ ತಿರುಗಿ ಬಂದದ್ದು ಕಡಿಮೆ.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಉತ್ತರಕ್ರಿಯೆಯ ಕಾಗದ ಅಚ್ಚಾಗಿ ಮನೆಯವರ ಕೈ ಸೇರಿದ ದಿನವೇ ಅದರ ಫೈಲು, ಫೋಟೋ ಎಲ್ಲವನ್ನೂ ಅಳಿಸಿಬಿಡಬೇಕು. ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು. ನಮ್ಮ ಕಡೆ ಸಾವಿನ ಕಾಗದವನ್ನು ಓದಿ ಹರಿದು ಹೊರಗೆ ಹಾಕುತ್ತಾರೆ, ಒಳಗೆ ಇಟ್ಟುಕೊಳ್ಳುವುದಿಲ್ಲ. ಯಜಮಾನರು ಅದನ್ನೇ ಕಂಪ್ಯೂಟರಿಗೂ ಹಚ್ಚಿದ್ದರು. "ಮದಿ ಕಾಗ್ದ ಇಪ್ಪ ಮನಿಯಗೆ ಅದ್ ಇಪ್ಪುಕಾಗ" ಎನ್ನುತ್ತಿದ್ದರು. ನನಗೆ ಆ ನಂಬಿಕೆ ಇತ್ತೋ ಇಲ್ಲವೋ, ಹೇಳಲಾರೆ. ಅಳಿಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು. ಬೈಂದೂರಿನ ಹತ್ತಿರದ ಕಡಲ ಕರೆಯವರು, ದಡದಲ್ಲೇ ಮನೆ, ಮೀನು ಮಾರುವವರು. ತಮ್ಮ ತೀರಿಹೋಗಿದ್ದ. ಅವರನ್ನು ನಾನು ಕೊನೆಯವರೆಗೂ ಅಕ್ಕ ಎಂದೇ ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

"ಬೈಂದೂರಗೇ ಅಂಗ್ಡಿ ಇತ್ತಲೆ ಅಕ್ಕ, ಇಷ್ಟ್ ದೂರ ಬಂದ್ರ್ಯಾ?" ಎಂದು ಕೇಳಿದೆ.

"ಇತ್ತ್. ಅಲ್ಲಿಗೆ ಹೋರೆ ಎಲ್ಲರೂ ಗುರ್ತದವ್ರ್. ಹ್ಯಾಂಗಾಯ್ತ್, ಹ್ಯಾಂಗಾಯ್ತ್ ಅಂದೇಳಿ ಕೇಳ್ತ್ರ್. ಹೇಳಿ ಹೇಳಿ ನಂಗೆ ಸಾಕಾಯ್ತ್ ಹೆಣೆ."

ಹೆಣೆ ಎಂದರೆ ನಮ್ಮ ಕಡೆ ತನಗಿಂತ ಚಿಕ್ಕ ಹೆಂಗಸನ್ನು ಸಲಿಗೆಯಿಂದ ಕರೆಯುವ ಮಾತು. ನಾನು ಮತ್ತೇನೂ ಕೇಳಲಿಲ್ಲ. ಕೇಳದಿದ್ದರೂ ಅಕ್ಕ ಹೇಳಿದರು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತ್ತು. ಇದ್ದ ಮೂವರಲ್ಲಿ ಇಬ್ಬರು ಈಜಿ ದಡ ಸೇರಿದರು. ತಮ್ಮ ಮೂರನೆಯ ದಿನ ತ್ರಾಸಿಯ ಕಡಲ ಕರೆಯಲ್ಲಿ ಸಿಕ್ಕಿದ. ಊರಿನ ಹಿರಿಯರು ಬಟ್ಟೆ ಸುತ್ತಿಯೇ ತಂದರು. ನೋಡುವುದು ಬೇಡ ಎಂದು ಅಕ್ಕನ ಕೈ ಹಿಡಿದುಕೊಂಡರು.

"ಮೋರೆ ಕಾಂಬುಕೆ ಬಿಡ್ಲಿಲ್ಲೆ" ಎಂದರು. ಅಷ್ಟು ಹೇಳಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಮೊಬೈಲನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

ಅದು ತಮ್ಮನ ಮೊಬೈಲು. ಆ ದಿನ ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟು ಹೋಗಿದ್ದ. ಅದರ ತುಂಬ ಮೀನು, ಬಲೆ, ಮೋಡ, ಯಾರದೋ ದೋಣಿಯ ಎಂಜಿನು. ಅವನದೇ ಫೋಟೋ ಒಂದೇ ಒಂದು. ಮನೆಯಲ್ಲೂ ಬೇರೆ ಇರಲಿಲ್ಲ, ಆಧಾರ್ ಕಾರ್ಡಿನದು ಗುರುತೇ ಸಿಗದಷ್ಟು ಕರಿ. ಜತೆಯವನೊಬ್ಬ ದೋಣಿಯಲ್ಲಿ ಇದೇ ಮೊಬೈಲಿನಿಂದ ತೆಗೆದದ್ದಂತೆ. ಹಗ್ಗ ಹಿಡಿದುಕೊಂಡು ಅರ್ಧ ತಿರುಗಿ ನೋಡಿದ್ದಾನೆ. ಬಿಸಿಲಿಗೆ ಸುಟ್ಟ ಕಪ್ಪು ಮುಖ. ಎಡಹುಬ್ಬಿನ ನಡುವೆ ಕೂದಲಿಲ್ಲದ ಒಂದು ಹಳೆಯ ಗಾಯದ ಗೆರೆ. ಬಾಯಿ ಏನೋ ಹೇಳಲು ತೆರೆದಂತಿತ್ತು. ಹಾಗಿತ್ತು ಎಂದೇ ನನ್ನ ನೆನಪು. ಈಗ ನೋಡಿ ಖಚಿತ ಮಾಡಿಕೊಳ್ಳುವಂತಿಲ್ಲ.

ಕೇಬಲ್ ಹಾಕಿ ಆ ಫೋಟೋವನ್ನು ಕಂಪ್ಯೂಟರಿಗೆ ತಂದುಕೊಂಡೆ. ಮೊಬೈಲನ್ನು ಅಕ್ಕನ ಕೈಗೆ ಕೊಟ್ಟೆ. ಅಕ್ಕ ಅದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು.

ಆಮೇಲೆ ನಾನು ಮಾಡಿದ ಕೆಲಸವನ್ನು ಒಂದೊಂದಾಗಿ ಹೇಳಬೇಕು. ಮುಖವನ್ನಷ್ಟೇ ಕತ್ತರಿಸಿಕೊಂಡೆ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದೆ. ಉತ್ತರಕ್ರಿಯೆಯ ಕಾಗದವನ್ನು ಕಪ್ಪು ಮಸಿ ಒಂದರಲ್ಲೇ, ಅಗ್ಗದ ಕಾಗದದ ಮೇಲೆ ಅಚ್ಚು ಹಾಕುತ್ತಾರೆ. ಆ ಕಾಗದ ಮಸಿ ಕುಡಿಯುತ್ತದೆ, ಪರದೆಯಲ್ಲಿ ಬೂದಾಗಿ ಕಂಡದ್ದು ಅಚ್ಚಿನಲ್ಲಿ ಕರಿಯಾಗುತ್ತದೆ. ಬ್ರಹ್ಮಾವರದ ಪ್ರೆಸ್ಸಿನವರು ಹಿಂದೆ ಯಾವಾಗಲೋ ಇನ್ನೊಂದು ಕಾಗದದ ವಿಷಯಕ್ಕೆ ಫೋನಿನಲ್ಲಿ ತಮಾಷೆ ಮಾಡಿದ್ದರು. "ಎಂತ ಮಾರಾಯ್ರೆ, ನೀವ್ ಕಳ್ಸದ್ದ್ ಫೋಟೋವಾ, ಇದ್ಲಾ? ಒಂಚೂರ್ ಬೆಳಿ ಮಾಡಿ ಕಳ್ಸಿ." ಅಲ್ಲಿಂದ ಎಲ್ಲ ಮುಖಗಳನ್ನೂ ಸ್ವಲ್ಪ ತಿಳಿ ಮಾಡುವುದು ನನಗೆ ರೂಢಿಯಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಅಚ್ಚಿನ ಕೆಲಸ. ನಾನು ನಿಲ್ಲಿಸಲಿಲ್ಲ. ಗಿರಾಕಿಗಳು ಕೇಳದೆಯೇ ಮಾಡುವ ಕೆಲಸಗಳಿವೆ. ಕೆನ್ನೆಯನ್ನು ಇನ್ನೂ ಬಿಳಿ ಮಾಡಿದೆ. ಕುತ್ತಿಗೆಯ ಕೆಳಗೆ, ನಮ್ಮಲ್ಲಿ ಯಾವಾಗಲೂ ಸಿದ್ಧವಿರುವ, ಇಸ್ತ್ರಿ ಹಾಕಿದ ಬಿಳಿ ಅಂಗಿಯನ್ನು ಜೋಡಿಸಿದೆ. ಬಾಯಿಯನ್ನು ಮುಚ್ಚಿದೆ. ಬಲಹುಬ್ಬಿನಿಂದ ಚೂರು ಕೂದಲು ತೆಗೆದು ಎಡಹುಬ್ಬಿನ ಗಾಯದ ಮೇಲೆ ಕೂರಿಸಿದೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಚೆನ್ನಾಗಿ ಕೂತಿತು. ಜೋಡಿಸಿದ್ದು ಎಂದು ಯಾರಿಗೂ ಗೊತ್ತಾಗದ ಹಾಗೆ ಕೂತಿತು. ಆಗ ನನಗೆ ಆದದ್ದು ಸಂತೋಷವೇ.

ಕಟ್ಟು ತೆಗೆದುಕೊಳ್ಳಲು ಬಂದ ದಿನ ಅಕ್ಕ ಒಂದು ಕಾಗದವನ್ನು ದೂರ ಹಿಡಿದು ನೋಡಿದರು. "ಮಸ್ತ್ ಬೆಳಿ ಕಾಣತ್ತ್ ಅಲ್ದಾ?"

"ಅಚ್ಚಿಗೆ ಹಾಂಗೇ ಮಾಡ್ಕ್ ಅಕ್ಕ."

"ಹೌದಾ" ಎಂದರು. ನಿಮಗೆ ಗೊತ್ತಿರುತ್ತದೆ ಎಂಬ ಅರ್ಥದ 'ಹೌದಾ' ಅದು. ಅಂದು ಸಂಜೆ ಬಾಗಿಲು ಹಾಕುವ ಮೊದಲು, ರೂಢಿಯಂತೆ, ಎಲ್ಲ ಅಳಿಸಿದೆ.

ಉತ್ತರಕ್ರಿಯೆ ಮುಗಿದ ಮರುವಾರ ಅಕ್ಕ ಮತ್ತೆ ಬಂದರು. ಈ ಸಲ ಕುರ್ಚಿ ಎಳೆದುಕೊಂಡು ಕುಳಿತರು. ಕೈಯಲ್ಲಿ ನಾನು ಮಾಡಿದ ಕಾಗದವಿತ್ತು. ಬಂದವರೆಲ್ಲ ಓದಿ ಹರಿದ ಮೇಲೆ ಉಳಿದದ್ದರಲ್ಲಿ ಒಂದು.

"ಹ್ವಾಯ್, ಇವ ಯಾವ್ ಬ್ಯಾಂಕಿನ್ ಮೇನೇಜರ್?" ಎಂದರು. ಮುಖದಲ್ಲಿ ನಗುವಿತ್ತು. "ನಮ್ಮ ನೆರೆಮನಿ ಮುದ್ಕಿ ಕೇಳ್ದ್ಳ್, ಇದ್ ಯಾರ್ ಮೋರೆ ತಪ್ಪಿ ಹಾಕದ್ದ್ ಅಂದೇಳಿ. ನನ್ ತಮ್ಮ ಇಸ್ತ್ರಿ ಅಂಗಿ ಹಾಕಂಡದ್ ನಾ ಕಂಡದ್ದೇ ಇಲ್ಲೆ."

ನಾನೂ ನಕ್ಕೆ. ಆಗ ಅಕ್ಕ ನಗುವುದನ್ನು ನಿಲ್ಲಿಸಿ ಬಂದ ಕೆಲಸ ಹೇಳಿದರು. ಗೋಡೆಗೆ ಹಾಕಲು ಒಂದು ದೊಡ್ಡ ಫೋಟೋ ಬೇಕು. ಇದಲ್ಲ, ದೋಣಿಯಲ್ಲಿ ತೆಗೆದದ್ದು ಇತ್ತಲ್ಲ, ಅದು. ಬಿಳಿ ಮಾಡುವುದು ಬೇಡ. ಏನೂ ಮಾಡುವುದು ಬೇಡ.

"ಕಡೆಗೆ ಮೋರೆ ಕಾಣ್ಲಿಲ್ಲೆ ಹೆಣೆ. ಅದೊಂದಾರೂ ಇರ್ಲಿ."

"ಫೋನಗೇ ಇತ್ತಲೆ ಅಕ್ಕ, ಕೊಡಿ" ಎಂದೆ.

ಮೊಬೈಲು ಕೊಟ್ಟರು. ಮೀನಿತ್ತು, ಬಲೆಯಿತ್ತು, ಮೋಡವಿತ್ತು. ಫೋಟೋ ಇರಲಿಲ್ಲ. ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. "ಬೇರೆ ಎಲ್ಲೋ ಸೇರ್ಕಂಡಿರತ್ತ್. ಮನಿಯಗೆ ಮಕ್ಳತ್ರ ಸಮಾ ಹುಡ್ಕ್ಸಿ" ಎಂದೆ. ಆಗ ನಾನು ಹೇಳಿದ್ದು ಸುಳ್ಳಲ್ಲ. ಹಾಗೆಂದೇ ನಂಬಿದ್ದೆ.

ಅಕ್ಕ ಮೆಟ್ಟಿಲಿಳಿದು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ಸ್ಕ್ಯಾನ್ ಮಾಡಿದ ಒಂದು ಜಾತಕವನ್ನು ಇನ್ನೊಂದು ಫೋಲ್ಡರಿಗೆ ಹಾಕಬೇಕಿತ್ತು. ಸ್ಕ್ಯಾನರಿನ ಫೋಲ್ಡರು ಚೊಕ್ಕಟವಾಗಿರಲಿ ಎಂದು ನಾನು ಯಾವಾಗಲೂ ಕಾಪಿ ಮಾಡುವುದಿಲ್ಲ, ಕಟ್ ಮಾಡಿ ಅಲ್ಲಿಂದ ಎತ್ತಿಯೇ ಬಿಡುತ್ತೇನೆ. ಎರಡರ ಕೀಲಿಗಳೂ ಅಕ್ಕಪಕ್ಕದಲ್ಲಿವೆ. ಎಡಗೈ ತಾನಾಗಿ ಹೋಗಿ ಕಟ್ ಒತ್ತಿತು. ಅದನ್ನು ನೋಡುತ್ತಿದ್ದಂತೆ ಗೊತ್ತಾಯಿತು. ಆ ದಿನ ಅಕ್ಕನ ಎದುರೂ ಕೈ ಇದನ್ನೇ ಮಾಡಿತ್ತು. ಮೊಬೈಲಿನಿಂದ ಫೋಟೋವನ್ನು ಎತ್ತಿತ್ತು. ಆಮೇಲೆ ಇಲ್ಲಿಂದಲೂ ನಾನೇ ಅಳಿಸಿದ್ದೆ.

ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ಫೋನೇ ಹಾಳಾಯ್ತ್ ಅಂಬ. ಅವ್ರಿಗೆಂತ ಗೊತ್ತಾತ್ತ್?" ಎಂದರು. ಅವರು ಕೆಟ್ಟವರಲ್ಲ. ಕಂಪ್ಯೂಟರ್ ರಿಪೇರಿಯವರಿಗೆ ಆಗಲೇ ಫೋನು ಮಾಡಿದವರೂ ಅವರೇ.

ರಿಪೇರಿಯವರು ಮೊದಲು ಮೊಬೈಲಿನ ವಿಚಾರ ಕೇಳಿದರು. ಫೋಟೋಗಳು ಇಂಟರ್ನೆಟ್ಟಿನಲ್ಲಿ ತಾವಾಗಿ ಉಳಿಯುವ ವ್ಯವಸ್ಥೆಯನ್ನು ಅಕ್ಕನ ತಮ್ಮ ಹಾಕಿಕೊಂಡಿರಲಿಲ್ಲ, ಮೊಬೈಲು ಹುಡುಕುವಾಗ ಅದನ್ನು ನೋಡಿದ್ದೆ. ಯಾರಿಗೂ ಕಳಿಸಿಯೂ ಇರಲಿಲ್ಲ. ಆಮೇಲೆ ನಮ್ಮ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಒಯ್ದರು. ನಾಲ್ಕು ದಿನ ಬೇಕೆಂದರು.

ಆ ನಾಲ್ಕು ದಿನಗಳಲ್ಲಿ ಅಕ್ಕ ಎರಡು ಸಲ ಫೋನು ಮಾಡಿದರು. ಮೊದಲ ಸಲ, "ಮಕ್ಳತ್ರ ಹುಡ್ಕ್ಸ್ದೆ, ಸಿಕ್ಲಿಲ್ಲೆ" ಎಂದರು. "ಇನ್ನೊಂದ್ ಸಲ ಕಾಣಿ ಅಕ್ಕ" ಎಂದೆ. ಎರಡನೆಯ ಸಲ, "ಶಾಲಿ ಮಾಷ್ಟ್ರತ್ರವೂ ತೋರ್ಸ್ದೆ" ಎಂದರು. ಆಗಲೂ ನಾನು, "ಕಾಣಿ, ಇಪ್ಪುದ್" ಎಂದೆ. ಇವೆರಡೂ ಸುಳ್ಳು. ಇಲ್ಲದ ಜಾಗದಲ್ಲಿ ಒಬ್ಬರನ್ನು ನಾಲ್ಕು ದಿನ ಹುಡುಕಲು ಬಿಟ್ಟೆ.

ಮೂರನೆಯ ದಿನ ಬ್ರಹ್ಮಾವರಕ್ಕೆ ಹೋದೆ. ಒಂದು ಆಸೆಯಿತ್ತು. ಫೋಟೋವನ್ನು ಚೌಕಟ್ಟಿನೊಳಗೆ ಕೂರಿಸಿ ಕಳಿಸುವವರು ಹೆಚ್ಚಾಗಿ ಹೊರಗಿನ ಭಾಗವನ್ನು ಮರೆಮಾಡುತ್ತಾರೆಯೇ ಹೊರತು ಕತ್ತರಿಸುವುದಿಲ್ಲ. ಚೌಕಟ್ಟನ್ನು ಸರಿಸಿದರೆ ಹಿಂದೆ ಮೂಲ ಫೋಟೋ ಇಡಿಯಾಗಿ ಇರುತ್ತದೆ. ಪ್ರೆಸ್ಸಿನವರು ನಾನು ಕಳಿಸಿದ ಫೈಲು ತೆರೆದರು. ಚೌಕಟ್ಟು ಸರಿಸಿದರು. ಹಿಂದೆ ಏನೂ ಇರಲಿಲ್ಲ. ಫೈಲು ಹಗುರವಾಗಿರಲಿ ಎಂದು ನಾನು ಎಲ್ಲವನ್ನೂ ಅಳತೆಗೆ ಸರಿಯಾಗಿ ಕತ್ತರಿಸಿ, ಒಂದೇ ಪದರ ಮಾಡಿ ಕಳಿಸಿದ್ದೆ.

"ಬೇರೆಯವ್ರ್ ಕಳ್ಸುದ್ರಗೆ ಊರಿನ ಕಸ ಎಲ್ಲ ಹಿಂದ್ಗಡೆ ಅಡ್ಗಿರತ್ತ್" ಎಂದರು ಅವರು. "ನಿಮ್ದ್ ಮಾತ್ರ ಯಾವಾಗ್ಳೂ ಚೊಕ್ಕ." ಹೇಳಿದ ಮೇಲೆ ನನ್ನ ಮುಖ ನೋಡಿ, ಚಾ ತರಿಸುತ್ತೇನೆ ಎಂದರು. ನಾನು ನಿಲ್ಲಲಿಲ್ಲ.

ನಾಲ್ಕನೆಯ ದಿನ ರಿಪೇರಿಯವರು ಪೆನ್‌ಡ್ರೈವ್ ತಂದುಕೊಟ್ಟರು. ಅದರಲ್ಲಿ ಹೆಸರಿಲ್ಲದ, ಬರೀ ಅಂಕಿ ಹಾಕಿದ ಸಾವಿರಾರು ಚಿತ್ರಗಳು. ಯಾರದೋ ಮದುವೆಯ ಗಣಪತಿ, ಯಾರದೋ ಅಂಗಡಿಯ ಗುರುತು. ನಡುವೆ ಅದೂ ಇತ್ತು. ಮೇಲೆ ಆಕಾಶ, ಹಗ್ಗದ ಒಂದು ತುಂಡು, ಗಾಳಿಗೆ ಎದ್ದ ತಲೆಗೂದಲು, ಹಣೆ, ಎರಡು ಹುಬ್ಬು. ಎಡಹುಬ್ಬಿನಲ್ಲಿ ಗಾಯದ ಗೆರೆ. ಅಲ್ಲಿಂದ ಕೆಳಗೆ ಬೂದು ಬಣ್ಣ. ಗೆರೆ ಎಳೆದು ಕತ್ತರಿಸಿದ ಹಾಗೆ, ಕೊನೆಯವರೆಗೂ ಬರೀ ಬೂದು. ಆ ಜಾಗದ ಮೇಲೆ ನಾವು ಆಮೇಲೆ ಮಾಡಿದ ಯಾವುದೋ ಕೆಲಸ ಕುಳಿತುಬಿಟ್ಟಿದೆ, ಇನ್ನು ಬರುವುದಿಲ್ಲ ಎಂದರು.

ಮರುದಿನ ಬೈಂದೂರಿಗೆ ಹೋದೆ. ಬಸ್ಸಿಳಿದು ಕಡಲ ಕಡೆಗೆ ನಡೆದೆ. ಅಕ್ಕ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದರು. ನನ್ನನ್ನು ಕಂಡವರೇ, "ಸಿಕ್ಕಿತಾ?" ಎಂದರು.

ಕುಳಿತ ಮೇಲೆ ಹೇಳೋಣ ಎಂದುಕೊಂಡಿದ್ದೆ. ನಿಂತಲ್ಲೇ ಹೇಳಿದೆ. ಕೈ ಕಟ್ ಒತ್ತಿದ್ದು, ಆಮೇಲೆ ಅಳಿಸಿದ್ದು, ಗೊತ್ತಿದ್ದೂ ಎರಡು ಸಲ ಹುಡುಕಿ ಎಂದದ್ದು. ಅಕ್ಕನಿಗೆ ಮೊದಲ ಎರಡು ಅರ್ಥವಾಗಲು ಹೊತ್ತು ಹಿಡಿಯಿತು. ಮೂರನೆಯದು ತಕ್ಷಣ ಅರ್ಥವಾಯಿತು.

"ನಾ ಮಕ್ಳಿಗೆ ಬೈದೆ" ಎಂದರು. "ನೀವೇ ಅಳ್ಸಿದ್ರಿ ಅಂದೇಳಿ, ನೆರೆಮನಿ ಮಕ್ಳಿಗೆ ಬೈದೆ."

ನಾನು ಚೀಲದಿಂದ ಆ ಚಿತ್ರದ ಸಣ್ಣ ಪ್ರಿಂಟು ತೆಗೆದು ಕೊಟ್ಟೆ. ಮೀನಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಬಿಸಿಲಿಗೆ ಹಿಡಿದರು. ಹೆಬ್ಬೆರಳು ಎಡಹುಬ್ಬಿನ ಮೇಲೆ ನಿಂತಿತು.

"ಇದ್ ನಾನ್ ಮಾಡದ್ದ್" ಎಂದರು. "ಇವ ಅಂಬೆಗಾಲ್ ಇಡು ಕಾಲ. ನಾನ್ ಮೆಟ್ಟುಕತ್ತಿಯಗೆ ಮೀನ್ ಕೊಯ್ತಿದ್ದೆ. ಕಾಕೆ ಬಂತ್ ಅಂದೇಳಿ ಓಡ್ಸುಕೆ ಎದ್ದೆ. ಕತ್ತಿ ಮಡ್ಚ್ಲಿಲ್ಲೆ. ಇವ ಬಂದ್ ಅದ್ರ ಮೇಲ್ ಬಿದ್ದ. ಅಬ್ಬೆ ನಂಗೆ ಹೊಡ್ದದ್ದ್ ಇನ್ನೂ ನೆನ್ಪಿತ್ತ್." ಹೆಬ್ಬೆರಳು ತೆಗೆಯದೆಯೇ, "ಕಾಗ್ದದಗೆ ಇದ್ ಎಲ್ಲಿ ಹೋಯಿತ್ತ್?" ಎಂದು ಕೇಳಿದರು.

"ನಾನೇ ಮುಚ್ಚದ್ದ್ ಅಕ್ಕ. ಚಂದ ಕಾಣ್ಲಿ ಅಂದೇಳಿ."

ಅಕ್ಕ ನನ್ನನ್ನು ನೋಡಲಿಲ್ಲ. ಪ್ರಿಂಟನ್ನೇ ನೋಡುತ್ತಾ, "ಬಾಕಿ ಮೋರೆಯೂ ನೀನೇ ಮಾಡ್. ಕಾಗ್ದದಗೆ ಇತ್ತಲೆ, ಅದನ್ನ ಕಪ್ಪ್ ಮಾಡಿ ಇದಕ್ಕೆ ಸೇರ್ಸ್. ನಾ ಬಂದ್ ಬದಿಯಗೆ ಕೂಕಂಡ್ ಹೇಳ್ತೆ" ಎಂದರು.

ಎರಡು ದಿನ ಬಿಟ್ಟು ಬಂದರು. ನನ್ನ ಕುರ್ಚಿಯ ಪಕ್ಕದಲ್ಲಿ ಕುಳಿತರು. ನಾನು ಬ್ರಹ್ಮಾವರದಿಂದ ತರಿಸಿಕೊಂಡ ಕಾಗದದ ಫೈಲಿನಿಂದ ಕಣ್ಣು, ಮೂಗು, ಬಾಯಿ ತೆಗೆದು ಹುಬ್ಬಿನ ಕೆಳಗೆ ಜೋಡಿಸಿದ್ದೆ. ಕಪ್ಪು ಮಾಡುತ್ತಾ ಹೋದೆ.

"ಇನ್ನೂ ಕಪ್ಪ್" ಎಂದರು. ಮಾಡಿದೆ. "ಇನ್ನೂ. ಅವ ಕಡ್ಲಗಿಪ್ಪವ." ಮಾಡಿದೆ. ಆದರೆ ಒಮ್ಮೆ ತೀರ ಬಿಳಿ ಮಾಡಿದ ಮುಖವನ್ನು ಕಪ್ಪು ಮಾಡಿದರೆ ಬರುವುದು ಬರೀ ಕಪ್ಪು. ಕೆನ್ನೆಯ ಸುಕ್ಕು, ಗಡ್ಡದ ಚುಕ್ಕಿ, ಬಿಸಿಲಿನ ಕಲೆ, ಇವು ಬೆಳಕಿನಲ್ಲಿ ಹೋದವು ಹೋದವೇ. ಅಕ್ಕನಿಗೆ ಅದನ್ನು ಹೇಳಿದೆ.

"ಕೈಯಗೆ ಬಿಡ್ಸ್."

ಬಿಡಿಸಿದೆ. ಗಡ್ಡ ಎಲ್ಲಿಯವರೆಗೆ ಎಂದು ಕೇಳಿದೆ, ತಮ್ಮ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದರು. ಬಾಯಿ ತೆರೆದಿತ್ತಲ್ಲ ಎಂದೆ. ಹೌದು ಎಂದರು. ಹಲ್ಲು ಕಾಣುತ್ತಿತ್ತೇ ಎಂದೆ.

"ಒಂದ್ ಹಲ್ಲ್ ಓರೆ ಇದ್ದಿತ್ತ್" ಎಂದರು. "ಈ ಬದಿ." ಬಲಗಡೆ ಮುಟ್ಟಿಕೊಂಡರು. ಆಮೇಲೆ ಎಡಗಡೆ ಮುಟ್ಟಿಕೊಂಡರು. ಬೆರಳು ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಅಲ್ಲೇ ನಿಂತಿತು.

ನಾನು ಮೌಸಿನಿಂದ ಕೈ ತೆಗೆದೆ.

"ಸಾಕ್" ಎಂದರು. ಧ್ವನಿ ಬಹಳ ಸಣ್ಣದಾಗಿತ್ತು. "ದಿನಾ ಆ ಕಾಗ್ದ ಕಂಡ್ ಕಂಡ್, ಕಣ್ ಮುಚ್ರೆ ಆ ಮೇನೇಜರನೇ ಬತ್ತ. ಇನ್ ಇದನ್ನೂ ಕಂಡ್ರೆ ಇದೇ ಬಪ್ಪುದ್. ಅಳ್ಸ್ ಹೆಣೆ. ನೀ ಮಾಡದ್ದಷ್ಟೂ ಅಳ್ಸ್."

ಅಳಿಸಿದೆ. ಅಕ್ಕ ನೋಡುತ್ತಿರುವಂತೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಪರದೆಯ ಮೇಲೆ ಆಕಾಶ, ಹಗ್ಗ, ಕೂದಲು, ಹಣೆ, ಹುಬ್ಬು ಉಳಿದವು. ಕೆಳಗೆ ಬೂದು.

"ಇದನ್ನೇ ದೊಡ್ಡದ್ ಮಾಡ್."

ಕೆಳಗಿನ ಬೂದು ಭಾಗವನ್ನು ಕತ್ತರಿಸಲೇ ಎಂದು ಕೇಳಿದೆ. ಕತ್ತರಿಸಿದರೆ ಆಕಾಶ ಮತ್ತು ಹಣೆಯ ಒಂದು ಅಡ್ಡ ಪಟ್ಟಿಯಾಗುತ್ತದೆ, ನೋಡಲು ಅಷ್ಟು ವಿಚಿತ್ರವಾಗಿರುವುದಿಲ್ಲ ಎಂದೆ.

"ಬ್ಯಾಡ" ಎಂದರು. "ಅವ ಅಲ್ಲಿ ಇದ್ದಿದ್ದನಲೆ."

ಆ ಫೈಲನ್ನು ನಾನು ಹೀಗೆ ಸಿದ್ಧ ಮಾಡಿದೆ. ಬಣ್ಣ ಮುಟ್ಟಲಿಲ್ಲ. ತಿಳಿ ಮಾಡಲಿಲ್ಲ. ಬೂದು ಭಾಗದಲ್ಲಿ ಅಲ್ಲಲ್ಲಿ ಹಸಿರು ಚುಕ್ಕಿಗಳಿದ್ದವು, ಅವನ್ನೂ ತೆಗೆಯಲಿಲ್ಲ. ಫ್ರೇಮಿನ ಕಟ್ಟು ಸುತ್ತಲೂ ಸ್ವಲ್ಪ ಜಾಗ ನುಂಗುತ್ತದೆ, ಅದು ಫೋಟೋದ ಯಾವ ಭಾಗವನ್ನೂ ಮುಚ್ಚದಂತೆ ನಾಲ್ಕು ಕಡೆ ಒಂದು ಸೆಂಟಿಮೀಟರ್ ಖಾಲಿ ಬಿಳಿ ಅಂಚು ಕೊಟ್ಟೆ. ಸ್ಕೇಲು ಹಿಡಿದು ಪರದೆಯ ಮೇಲೂ ಅಳೆದೆ, ಅದರಿಂದ ಏನೂ ಗೊತ್ತಾಗುವುದಿಲ್ಲ ಎಂದು ತಿಳಿದೂ. ಆಮೇಲೆ ಅದನ್ನು ಎರಡು ಕಡೆ ಕಾಪಿ ಮಾಡಿಟ್ಟೆ. ಕೀಲಿಗಳನ್ನು ಬೆರಳಿನಿಂದಲ್ಲ, ಕಣ್ಣಿನಿಂದ ನೋಡಿ ಒತ್ತಿದೆ.

ಯಜಮಾನರು ಆ ಸಂಜೆ ಬಾಗಿಲು ಹಾಕುವಾಗ ನನ್ನ ಕಂಪ್ಯೂಟರನ್ನು ಒಮ್ಮೆ ನೋಡಿದರು. ಅಳಿಸಿದ್ದಾಯಿತೇ ಎಂದು ಕೇಳಲಿಲ್ಲ. ಆ ಫೈಲು ಈಗಲೂ ಅಲ್ಲೇ ಇದೆ, ಮದುವೆ ಕಾಗದಗಳ ನಡುವೆ. ಅದಕ್ಕೆ ಏನು ಹೆಸರು ಕೊಡಬೇಕೆಂದು ತಿಳಿಯದೆ ರಿಪೇರಿಯವರು ಕೊಟ್ಟ ಅಂಕಿಯನ್ನೇ ಬಿಟ್ಟಿದ್ದೇನೆ.